ಉಲ್ಲಾಳದ ಮೂರು ಸಂಸಾರ, ಒಬ್ಬ ಅಂಜಿನಯ್ಯ

ಎಲ್ಲದಕ್ಕೂ ಕಾರಣ ಉಲ್ಲಾಳದ ಒಂದು ನಾಯಿ. ಕಂದು ಬಣ್ಣ, ಒಂದು ಕಿವಿ ಮಡಿಚಿಕೊಂಡಿತ್ತು. ಎಂಟು ತಿಂಗಳ ಹಿಂದೆ ಒಂದು ಶನಿವಾರ, ಬಿಳಿ ಕೋಟು ಹಾಕಿಕೊಂಡು ಬಂದ ಮಹದೇವನನ್ನು ಅದು ಹಳೇ ಊರಿನ ಬೀದಿಯಿಂದ ಬಸ್ ಸ್ಟಾಪಿನವರೆಗೂ ಓಡಿಸಿಕೊಂಡು ಬಂತು. ಕಚ್ಚಲಿಲ್ಲ. ಕಚ್ಚಿದ್ದರೆ ನಾಲ್ಕೈದು ಇಂಜೆಕ್ಷನ್ನಿಗೆ ಮುಗಿದುಹೋಗುತ್ತಿತ್ತು. ಕಚ್ಚದೆ ಬಿಟ್ಟದ್ದರಿಂದಲೇ ಇಷ್ಟೆಲ್ಲ ಆಯಿತು.

ಮಹದೇವ ಕಾಮಾಕ್ಷಿಪಾಳ್ಯದವನು. ಅಪ್ಪ ಲೇತ್ ವರ್ಕ್‌ಶಾಪಿನಲ್ಲಿ ಟರ್ನರ್. ಅಮ್ಮ ಕುಸುಮಾ ಗಾರ್ಮೆಂಟ್ಸಿನಿಂದ ಶರ್ಟಿನ ಕಟ್ಟು ತಂದು ಮನೆಯಲ್ಲೇ ಗುಂಡಿ ಹೊಲಿಯುವವರು. ಅವರ ಬೀದಿಯಲ್ಲಿ ಮೂವತ್ತನಾಲ್ಕು ಮನೆ. ಆ ಮೂವತ್ತನಾಲ್ಕರಲ್ಲಿ ಮೆಡಿಕಲ್ ಸೀಟು ಗಿಟ್ಟಿಸಿದವನು ಇವನೊಬ್ಬನೇ. ಹಾಗಾಗಿ ಅವನು ಕುಸುಮಾ ಮಗ ಅನ್ನುವುದಕ್ಕಿಂತ ಬೀದಿಯ ಮಗ. ಇನ್ನೂ ಮೂರನೇ ವರ್ಷದಲ್ಲಿದ್ದರೂ ಎಲ್ಲರ ಬಾಯಲ್ಲಿ ಆಗಲೇ ‘ನಮ್ಮ ಡಾಕ್ಟ್ರು’. ಹಾಲು ತರಲು ಹೋದರೆ ದಾರಿಯಲ್ಲಿ ನಾಲ್ಕು ಜನ ನಾಲಗೆ ಚಾಚಿ ನಿಲ್ಲುತ್ತಿದ್ದರು.

ಅವನ ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಯೂ ಐದು ಕುಟುಂಬಗಳನ್ನು ದತ್ತು ತೆಗೆದುಕೊಳ್ಳಬೇಕು. ದತ್ತು ಅಂದರೆ ಆಸ್ತಿ ಬರೆದುಕೊಡುವುದಲ್ಲ. ಶನಿವಾರ ಶನಿವಾರ ಆ ಮನೆಗಳಿಗೆ ಹೋಗಿ ಬಿಪಿ ನೋಡುವುದು, ತೂಕ ನೋಡುವುದು, ಏನು ತಿನ್ನುತ್ತಾರೆ, ಮಾತ್ರೆ ನುಂಗುತ್ತಾರಾ ಎಂದು ಕೇಳಿ ಲಾಗ್‌ಬುಕ್ಕಿನಲ್ಲಿ ಬರೆಯುವುದು. ಮಹದೇವನಿಗೆ ಸಿಕ್ಕ ಐದೂ ಮನೆ ಉಲ್ಲಾಳದ ಹಳೇ ಊರಿನಲ್ಲಿದ್ದವು. ನಾಯಿಯೂ ಅಲ್ಲೇ ಇತ್ತು.

ಆದ್ದರಿಂದ ಅವನು ಶನಿವಾರ ಸಂಜೆ ತನ್ನ ಬೀದಿಯ ಅಕ್ಕಯ್ಯಮ್ಮನ ಜಗಲಿಯ ಮೇಲೆ ಕೂತು ಲಾಗ್‌ಬುಕ್ ತುಂಬಿಸತೊಡಗಿದ. ಅಕ್ಕಯ್ಯಮ್ಮನಿಗೆ ಅರವತ್ತೈದು. ಮೂವತ್ತನಾಲ್ಕು ಮನೆಗಳಲ್ಲಿ ಯಾರಿಗೆ ಬಿಪಿ, ಯಾರಿಗೆ ಶುಗರ್, ಯಾರು ಮಾತ್ರೆ ನುಂಗುತ್ತಾರೆ, ಯಾರು ನುಂಗಿದ ಹಾಗೆ ಮಾಡಿ ತುಳಸಿ ಗಿಡದ ಬುಡಕ್ಕೆ ಹಾಕುತ್ತಾರೆ, ಎಲ್ಲವೂ ಅವರಿಗೆ ಗೊತ್ತು. ಅವರು ಎಲೆ ಅಡಿಕೆ ಜಗಿಯುತ್ತಾ ಹೇಳುವರು, ಇವನು ಬರೆದುಕೊಳ್ಳುವನು. ಓದುವ ಹುಡುಗ ಆಸಕ್ತಿಯಿಂದ ಕೇಳುತ್ತಾನಲ್ಲ ಎಂದು ಅವರಿಗೂ ಖುಷಿ. ಮನೆಗೆ ಬಂದು ಮಹದೇವ ಹೆಸರು ಮಾತ್ರ ಬದಲಾಯಿಸುತ್ತಿದ್ದ. ಹೆಸರು ಉಲ್ಲಾಳದ್ದು, ಕಾಯಿಲೆ ಕಾಮಾಕ್ಷಿಪಾಳ್ಯದ್ದು. ಎಂಟು ತಿಂಗಳು ಯಾರಿಗೂ ಗೊತ್ತಾಗಲಿಲ್ಲ.

ಬುಧವಾರ ಬೆಳಿಗ್ಗೆ ಆರೂವರೆಗೆ ಫೋನು ಬಂತು. ಕ್ಲಾಸಿನ ಧನ್ಯಶ್ರೀ.

“ಲೋ ಮಹದೇವ, ಎದ್ದಿದೀಯೇನೋ?”

“ಇಲ್ಲ. ಯಾಕೆ?”

“ನಿನ್ನ ಲಾಗ್‌ಬುಕ್ ಸೆಲೆಕ್ಟ್ ಆಗಿದೆ ಕಣೋ! ನೂರೈವತ್ತರಲ್ಲಿ ನಿಂದೊಂದೇ! ಗ್ಲೋಬಲ್ ಹೆಲ್ತ್ ಪ್ರೋಗ್ರಾಂಗೆ ನೈರೋಬಿಯಿಂದ ಡಾಕ್ಟರ್ ವಂಜಿರು ಬಂದಿದಾರಲ್ಲ, ಅವರಿಗೆ ಚನ್ನಕೇಶವ ಸಾರ್ ಎಲ್ಲಾನೂ ಇಂಗ್ಲಿಷಲ್ಲಿ ಓದಿ ಹೇಳಿದ್ರಂತೆ. ಮಿಕ್ಕೋರೆಲ್ಲ ಕಾಯಿಲೆ ಬರ್ದಿದಾರೆ, ಇವನು ಮನುಷ್ಯರನ್ನ ಬರ್ದಿದಾನೆ ಅಂದ್ರಂತೆ ಮೇಡಂ. ಪಾರ್ಟಿ ಕೊಡಿಸ್ಬೇಕು ನೀನು!”

ಮಹದೇವ ಹಾಸಿಗೆಯಲ್ಲಿ ಎದ್ದು ಕೂತ. ಆ ಪ್ರೋಗ್ರಾಂ ಕಾಲೇಜಿಗೆ ಆ ವರ್ಷವೇ ಬಂದದ್ದು. ಒಂದು ದೇಶದ ಮೆಡಿಕಲ್ ವಿದ್ಯಾರ್ಥಿ ಇನ್ನೊಂದು ದೇಶದ ಗಲ್ಲಿಗೆ ಹೋಗಬೇಕು, ಅಲ್ಲಿಯ ಜನ ಯಾಕೆ ಕಾಯಿಲೆ ಬೀಳುತ್ತಾರೆ, ಹೇಗೆ ವಾಸಿಯಾಗುತ್ತಾರೆ ಎಂದು ಕಣ್ಣಾರೆ ನೋಡಿ ಕಲಿಯಬೇಕು. “ಕಾಯಿಲೆಗೆ ಪಾಸ್‌ಪೋರ್ಟ್ ಬೇಕಿಲ್ಲ, ಡಾಕ್ಟರ್‌ಗೆ ಮಾತ್ರ ಬೇಕು. ಅದಕ್ಕೇ ನಾವು ಯಾವಾಗಲೂ ಹಿಂದೆ,” ಎಂದು ಕಮ್ಯುನಿಟಿ ಮೆಡಿಸಿನ್ ವಿಭಾಗದ ಮುಖ್ಯಸ್ಥ ಚನ್ನಕೇಶವ ಸಾರ್ ಕ್ಲಾಸಿನಲ್ಲಿ ಹೇಳಿದ್ದರು. ಕಾಲೇಜಿನಿಂದ ಒಬ್ಬರಿಗೆ ಒಂದು ತಿಂಗಳು ನೈರೋಬಿ. ಆ ಒಬ್ಬರನ್ನು ಆರಿಸುವವರು ಡಾಕ್ಟರ್ ವಂಜಿರು.

“ಇವತ್ತು ಹನ್ನೊಂದು ಗಂಟೆಗೆ ಉಲ್ಲಾಳಕ್ಕೆ ಬರ್ತಾರಂತೆ,” ಧನ್ಯಶ್ರೀ ಮುಂದುವರಿಸಿದಳು. “ನಿನ್ನ ಮೂರು ಫ್ಯಾಮಿಲಿ ನೋಡ್ಬೇಕಂತೆ. ಭರಮಪ್ಪ, ಚನ್ನವೀರಪ್ಪ, ಅಮರೇಶ. ಸಾರೂ ಬರ್ತಾರೆ. ಕನ್ನಡ ಇಂಗ್ಲಿಷ್ ಮಾಡಕ್ಕೆ ನಾನು. ಎಲ್ಲಾ ಸರಿಯಾಗಿದ್ರೆ ನೈರೋಬಿ ನಿಂದೇ ಮಗಾ!”

ಮಹದೇವನಿಗೆ ಮೊದಲು ವಿಮಾನ ಕಂಡಿತು. ಆಮೇಲೆ ನಾಯಿ ಕಂಡಿತು.

ನಿಜವಾದ ಭರಮಪ್ಪನ ಮನೆಗೇ ಕರೆದುಕೊಂಡು ಹೋಗೋಣವೆಂದರೆ, ಮೇಡಂ “ಹೆಂಡತಿ ಊರಿಗೆ ಹೋದಾಗ ಉಪ್ಪಿನಕಾಯಿ ಜಾಡಿ ಖಾಲಿ ಮಾಡುತ್ತೀರಂತೆ?” ಎಂದು ಕೇಳುತ್ತಾರೆ. ಭರಮಪ್ಪ “ಈ ಹುಡುಗ ಯಾರು?” ಎಂದು ಕೇಳುತ್ತಾರೆ. ನೈರೋಬಿ ಇರಲಿ, ಕೆಂಗೇರಿ ದಾಟಿ ಕಾಲೇಜಿನ ಗೇಟಿನೊಳಗೆ ಹೋಗುವುದೂ ಕಷ್ಟವಾಗುತ್ತದೆ.

ಮಗನ ಮುಖ ನೋಡಿ ಕುಸುಮಾ ಗಾಬರಿಯಾದರು. ವಿಷಯ ಕೇಳಿ ಇನ್ನೂ ಗಾಬರಿಯಾದರು. ಸೀದಾ ಅಕ್ಕಯ್ಯಮ್ಮನ ಮನೆಗೆ ಓಡಿದರು. ಮಹದೇವ ಹವಾಯಿ ಚಪ್ಪಲಿ ಹುಡುಕಿ ಹಾಕಿಕೊಂಡು ಬರುವಷ್ಟರಲ್ಲಿ ಜಗಲಿಯ ಮೇಲೆ ಹನ್ನೊಂದು ಹೆಂಗಸರಿದ್ದರು.

“ಅಂದ್ರೆ,” ಅಕ್ಕಯ್ಯಮ್ಮ ನಿಧಾನವಾಗಿ ಕೇಳಿದರು, “ನಾನು ಹೇಳಿದ್ದೆಲ್ಲ ಬರ್ಕೊಂಡು ಉಲ್ಲಾಳದೋರ ಹೆಸರು ಹಾಕ್ಬಿಟ್ಟಿದೀಯಾ?”

“ಹ್ಞೂಂ ಅಜ್ಜಿ.”

“ನಮ್ಮ ಬೀದಿ ಹೆಸರು ಎಲ್ಲೂ ಇಲ್ವಾ?”

“ಇಲ್ಲ ಅಜ್ಜಿ.”

“ಕಾಯಿಲೆ ನಮ್ದು, ಹೆಸರು ಅವರಿಗಾ!” ಅಕ್ಕಯ್ಯಮ್ಮನಿಗೆ ಸಿಟ್ಟು ಬಂದದ್ದು ಸುಳ್ಳಿಗಲ್ಲ, ಇದಕ್ಕೆ.

ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಕುತೂಹಲ ತಡೆಯಲಾರದೆ, “ಅದೇನ್ ಬರ್ದಿದೀಯೋ, ಒಸಿ ಓದಪ್ಪ,” ಅಂದರು. ಮಹದೇವ ಫೋನಿನಲ್ಲಿದ್ದ ಲಾಗ್‌ಬುಕ್ಕಿನ ಫೋಟೋ ನೋಡಿ ಓದಿದ. “ಮೊದಲನೇ ಕುಟುಂಬ, ಭರಮಪ್ಪ, ಬಿಪಿ ಇದೆ. ಹೆಂಡತಿ ಊರಿಗೆ ಹೋದಾಗ ಉಪ್ಪಿನಕಾಯಿಯಲ್ಲೇ ಮುದ್ದೆ ನುಂಗುತ್ತಾರೆ. ಹೆಂಡತಿಗೆ ಶುಗರ್, ತೂಕ ಎಂಬತ್ತೆರಡು. ವಾಕಿಂಗ್ ಹೋಗುತ್ತೇನೆಂದು ಹೇಳಿ ಪಾನಿಪೂರಿ ಗಾಡಿಯವರೆಗೆ ಹೋಗಿ ಬರುತ್ತಾರೆ.”

ಚಿಕ್ಕಲಕ್ಷ್ಮಮ್ಮ ಅಕ್ಕಯ್ಯಮ್ಮನನ್ನು ನೋಡಿದರು. ಅಕ್ಕಯ್ಯಮ್ಮ ಕರೆಂಟು ತಂತಿಯ ಮೇಲಿನ ಕಾಗೆಯನ್ನು ನೋಡಿದರು.

“ಇದು ನಾನಲ್ವಾ?”

“ಭರಮಪ್ಪನ ಹೆಂಡತಿ ಕಣೇ,” ಅಂದರು ಅಕ್ಕಯ್ಯಮ್ಮ.

“ಎಂಬತ್ತೆರಡು ಅಂತ ಯಾರು ಹೇಳಿದ್ದು? ಎಪ್ಪತ್ತೊಂಬತ್ತು!”

“ಆಂಟಿ, ತೂಕ ಆಮೇಲೆ ನೋಡೋಣ,” ಮಹದೇವ ಕೈ ಮುಗಿದ. “ನಾನು ಸಾರ್‌ಗೆ ಫೋನ್ ಮಾಡಿ ತಪ್ಪಾಯ್ತು ಅಂತ ಹೇಳ್ಬಿಡ್ತೀನಿ.”

“ಸುಮ್ನಿರೋ!” ಹನ್ನೊಂದೂ ಜನ ಒಟ್ಟಿಗೇ ಗದರಿದರು. ಬೀದಿಯ ಹುಡುಗ ವಿಮಾನ ಹತ್ತುವ ದಿನ ಬಂದಿರುವಾಗ ಸತ್ಯ ಹೇಳಿ ಕೆಡಿಸುವುದೆಂದರೇನು?

ಅಕ್ಕಯ್ಯಮ್ಮ ಆಗಲೇ ತೀರ್ಮಾನಿಸಿಯಾಗಿತ್ತು. “ನನ್ನ ತಂಗೀದು ಉಲ್ಲಾಳದಲ್ಲೇ ವಠಾರ ಇದೆ. ಸಾಲಾಗಿ ಐದು ಮನೆ. ಬಾಡಿಗೆಯೋರೆಲ್ಲ ಬೆಳಿಗ್ಗೆ ಕೆಲಸಕ್ಕೆ ಹೋಗ್ಬಿಡ್ತಾರೆ. ಬಾಗಿಲ ಮುಂದೆ ಚಾಪೆ ಹಾಕ್ಕೊಂಡು ನಾವು ಕೂತ್ಕೊಳ್ಳೋದು. ಸುಳ್ಳೇನಿದೆ ಇದರಲ್ಲಿ? ಕಾಯಿಲೆ ನಮ್ದೇ, ಉತ್ತರ ನಮ್ಗೇ ಗೊತ್ತು. ಹೆಸರೊಂದು ಬದಲಾಯಿಸ್ಕೊಂಡ್ರೆ ಆಯ್ತು.”

“ಮನೆ ನಂಬರ್ ಕೇಳಿದ್ರೆ ಅಜ್ಜಿ?”

“ಹಳೇ ಊರಲ್ಲಿ ಮನೆ ನಂಬರ್ ಪೋಸ್ಟ್‌ಮ್ಯಾನ್‌ಗೇ ಗೊತ್ತಿರಲ್ಲ. ನಿಮ್ಮ ಸಾರ್‌ಗೇನ್ ಗೊತ್ತು?”

ಕಷ್ಟವಿದ್ದದ್ದು ಇನ್ನೊಂದರಲ್ಲಿ. ಮೂರು ಸಂಸಾರಕ್ಕೆ ಮೂರು ಗಂಡಸರು ಬೇಕು. ಬುಧವಾರ, ಬೀದಿಯ ಗಂಡಸರೆಲ್ಲ ಮೊದಲ ಶಿಫ್ಟಿಗೆ ಹೊರಟುಹೋಗಿದ್ದರು. ಉಳಿದಿದ್ದವರು ಕಳೆದ ವರ್ಷ ಕೆಲಸ ಬಿಟ್ಟ ಅಂಜಿನಯ್ಯ ಒಬ್ಬರೇ. ಚಿಕ್ಕಲಕ್ಷ್ಮಮ್ಮನ ಗಂಡ. ಬನಿಯನ್ ಹಾಕಿಕೊಂಡು ಪೇಪರ್ ಓದುತ್ತಿದ್ದವರನ್ನು ಎಬ್ಬಿಸಿ ತಂದರು.

“ಮೂರು ಜನಾನೂ ನಾನೇ ಆಗ್ಬೇಕಾ?” ಅಂಜಿನಯ್ಯ ಕೇಳಿದರು.

“ಒಂದೊಂದೇ ಸಲ ಅಂಕಲ್. ಒಟ್ಟಿಗೆ ಅಲ್ಲ,” ಎಂದು ಮಹದೇವ ಸಮಾಧಾನ ಹೇಳಿದ.

“ಚನ್ನವೀರಪ್ಪನ ಹೆಂಡತಿ ಯಾರು?”

“ನಮ್ಮ ಅಮ್ಮ.”

ಅಂಜಿನಯ್ಯ ಹೆಂಡತಿಯ ಕಡೆ ಕಣ್ಣೆತ್ತಿ ನೋಡಿ, ತಕ್ಷಣ ಕಣ್ಣು ಕೆಳಗಿಳಿಸಿದರು.

ಒಂಬತ್ತು ಗಂಟೆಗೆ ದಂಡು ಹೊರಟಿತು. ಎರಡು ಬಸ್ಸು ಬದಲಾಯಿಸಿ ಉಲ್ಲಾಳ ತಲುಪುವಷ್ಟರಲ್ಲಿ ಇಡೀ ಬಸ್ಸಿಗೆ ಕತೆ ಗೊತ್ತಾಗಿತ್ತು. ಇಳಿಯುವಾಗ ಕಂಡಕ್ಟರು ಅಂಜಿನಯ್ಯನಿಗೆ “ಆಲ್ ದಿ ಬೆಸ್ಟ್ ಯಜಮಾನ್ರೇ, ಮೂರಕ್ಕೂ,” ಎಂದು ಹಾರೈಸಿದ.

ಅಕ್ಕಯ್ಯಮ್ಮನ ತಂಗಿ ವಠಾರವನ್ನು ಗುಡಿಸಿ, ನೀರು ಹಾಕಿ, ಮೂರು ಬಾಗಿಲಿಗೆ ರಂಗೋಲಿ ಹಾಕಿಟ್ಟಿದ್ದರು. ಮೂರು ಚಾಪೆ ಹಾಸಿದ್ದಾಯಿತು. ಹಿಂದುಗಡೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಸಂದು. ಅಂಜಿನಯ್ಯ ಒಂದನೇ ಮನೆಯಿಂದ ಎದ್ದು, ಆ ಸಂದಿನಲ್ಲಿ ಓಡಿ, ಎರಡನೇ ಮನೆಯ ಪಕ್ಕದಿಂದ ಬರಬೇಕು. ವೇಷ ಬದಲಾಯಿಸಲು ಕಲ್ಲಿನ ಮೇಲೆ ಒಂದು ಮಂಕಿ ಕ್ಯಾಪು, ಒಂದು ಶಾಲು, ಒಂದು ಮಾಸ್ಕು. ಎರಡು ಸಲ ಓಡಿಸಿ ಅಭ್ಯಾಸ ಮಾಡಿಸಿದರು. ಅಂಜಿನಯ್ಯ ಆಗಲೇ ಏದುಸಿರು ಬಿಡುತ್ತಿದ್ದರು. ಗಡಿಬಿಡಿಯಲ್ಲಿ ಅದನ್ನು ಗಮನಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಡಾಕ್ಟರ್ ಆಗಲಿರುವವನಿಗೂ.

ಹನ್ನೊಂದಕ್ಕೆ ಸರಿಯಾಗಿ ಕಾಲೇಜಿನ ಜೀಪು ಬಂತು. ಚನ್ನಕೇಶವ ಸಾರ್ ಇಳಿದರು, ಧನ್ಯಶ್ರೀ ಇಳಿದಳು, ಕೊನೆಗೆ ಡಾಕ್ಟರ್ ವಂಜಿರು. ಐವತ್ತರ ಆಸುಪಾಸು, ಎತ್ತರದ ಹೆಂಗಸು, ಹತ್ತಿಯ ಹಳದಿ ಉಡುಪು, ತಲೆ ತುಂಬ ಸಣ್ಣ ಸಣ್ಣ ಜಡೆ. ಚಪ್ಪಲಿ ಬಿಟ್ಟು ಸೀದಾ ಬಂದು ಒಂದನೇ ಮನೆಯ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಕುರ್ಚಿ ತರಲು ಓಡಿದ್ದ ಮಹದೇವ ಕುರ್ಚಿ ಹಿಡಿದುಕೊಂಡೇ ನಿಂತ.

“ಎಷ್ಟ್ ಚೆಂದ ಜಡೆ!” ಚಿಕ್ಕಲಕ್ಷ್ಮಮ್ಮ ಪಾತ್ರ ಮರೆತು ಮುಂದೆ ಬಾಗಿದರು. “ಹಾಕಕ್ಕೆ ಎಷ್ಟ್ ಹೊತ್ತು ಹಿಡಿಯುತ್ತೆ ಕೇಳಮ್ಮ.”

ಐದು ಗಂಟೆ ಎಂದು ಧನ್ಯಶ್ರೀ ಕೇಳಿ ಹೇಳಿದಳು.

“ಅಯ್ಯೋ, ನಮ್ಮ ಮದುವೆ ಹೆಣ್ಣಿಗೇ ಎರಡು ಗಂಟೆ!”

ಡಾಕ್ಟರ್ ವಂಜಿರು ನಕ್ಕರು. ಆಮೇಲೆ ಉಪ್ಪಿನಕಾಯಿಯ ವಿಷಯ ಕೇಳಿದರು.

“ಏನ್ ಮಾಡ್ಲಿ ಮೇಡಂ,” ಭರಮಪ್ಪನಾಗಿದ್ದ ಅಂಜಿನಯ್ಯ ನಿಜವಾದ ನೋವಿನಿಂದ ಹೇಳಿದರು. “ಇವಳು ಊರಿಗೆ ಹೋದ್ರೆ ಸಾರು ಮಾಡೋರ್ ಯಾರು?”

“ನಾನು ಊರಿಗೆ ಹೋಗೋದು ವರ್ಷಕ್ಕೆ ಎರಡ್ ಸಲ! ಜಾಡಿ ಖಾಲಿ ಆಗೋದು ಎಂಟ್ ಸಲ! ಮಿಕ್ಕ ಆರು ಸಲ ಯಾರು ಊರಿಗೆ ಹೋಗಿದ್ರು, ಕೇಳಮ್ಮ ಅವರನ್ನ!”

ಇಬ್ಬರೂ ಜಗಳಕ್ಕೆ ಬಿದ್ದರು. ಅದು ನಾಟಕವಲ್ಲವಾದ್ದರಿಂದ ಬಹಳ ಚೆನ್ನಾಗಿ ಬಂತು. ಡಾಕ್ಟರ್ ವಂಜಿರು ಪುಟಗಟ್ಟಲೆ ಬರೆದುಕೊಂಡರು. ತಮ್ಮ ಅಪ್ಪ ಅಮ್ಮನೂ ಹೀಗೇ, ಉಪ್ಪಿಗಾಗಿ ನಲವತ್ತು ವರ್ಷ ಜಗಳವಾಡಿದರು ಎಂದರು. ಆಮೇಲೆ ಅಂಜಿನಯ್ಯನ ತೋಳು ಮೇಲಕ್ಕೆ ಮಡಿಸಿ ಬಿಪಿ ಪಟ್ಟಿ ಕಟ್ಟಿದರು. ಮೊಣಕೈ ಹತ್ತಿರ ಹಳೇ ಹಸಿರು ಹಚ್ಚೆ, ಆಂಜನೇಯನ ಗದೆ. ಹಾಕಿದವನಿಗೆ ಏನು ಅವಸರವಿತ್ತೋ, ಅದು ಗದೆಗಿಂತ ಹೆಚ್ಚಾಗಿ ಸೌಟಿನ ಹಾಗೆ ಕಾಣುತ್ತಿತ್ತು. ಬಿಪಿ ನೂರ ಐವತ್ತೆರಡು.

“ಒಂದ್ ನಿಮಿಷ, ಹಿಂದುಗಡೆ ಹೋಗ್ಬರ್ತೀನಿ,” ಎಂದು ಅಂಜಿನಯ್ಯ ಕಿರುಬೆರಳು ತೋರಿಸಿ ಎದ್ದರು.

ಎರಡನೇ ಮನೆಯ ಮುಂದೆ ಕುಸುಮಾ ತಲೆ ತಗ್ಗಿಸಿ ಕೂತಿದ್ದರು. ಅರ್ಧ ನಿಮಿಷದಲ್ಲಿ ಪಕ್ಕದ ಗೋಡೆಯಿಂದ ಮಂಕಿ ಕ್ಯಾಪ್ ಹಾಕಿಕೊಂಡ ಚನ್ನವೀರಪ್ಪ ಬಂದು ಪಕ್ಕದಲ್ಲಿ ಕೂತರು. ಬಿಸಿಲು ನೆತ್ತಿ ಸುಡುತ್ತಿತ್ತು.

“ಇವರು ನಮ್ಮ ಅಣ್ಣ…” ಕುಸುಮಾ ಶುರು ಮಾಡಿ ತಡವರಿಸಿದರು, “ನಮ್ಮ ಯಜಮಾನ್ರು.”

“ಸ್ವಲ್ಪ ದೂರ ಕೂತ್ಕೊಳ್ಳಿ ಅಂತ ಹೇಳಮ್ಮ ಆ ಯಜಮಾನ್ರಿಗೆ, ಸೆಕೆ,” ಎಂದು ಒಂದನೇ ಚಾಪೆಯಿಂದ ಚಿಕ್ಕಲಕ್ಷ್ಮಮ್ಮನ ದನಿ ಬಂತು.

ಧನ್ಯಶ್ರೀ ಮಹದೇವನ ತೋಳು ಹಿಡಿದು ಪಕ್ಕಕ್ಕೆಳೆದಳು. “ಏನೋ ಇದು? ನನ್ನ ಫ್ಯಾಮಿಲೀಸೂ ಇದೇ ಊರಲ್ಲೇ ಇರೋದು. ಪ್ರತಿ ಶನಿವಾರ ಬರ್ತೀನಿ ನಾನು. ಭರಮಪ್ಪನೋರು ಇವರಿಗಿಂತ ಒಂದ್ ಅಡಿ ಎತ್ತರ ಇದಾರೆ ಕಣೋ!”

“ಕೈ ಮುಗೀತೀನಿ, ಸುಮ್ನಿರೇ. ಆಮೇಲೆ ಎಲ್ಲಾ ಹೇಳ್ತೀನಿ.”

“ಆಮೇಲೆ ನೀನು ಹೇಳೋದಲ್ಲ, ಸಾರ್ ಹೇಳ್ತಾರೆ.”

ಅಷ್ಟರಲ್ಲಿ ಕುಸುಮಾ ಕಾಫಿ ಲೋಟ ತಂದರು. ಮಹದೇವ ಅಭ್ಯಾಸದಿಂದ “ಅಮ್ಮಾ, ನಂಗೆ ಸಕ್ಕರೆ ಕಮ್ಮಿ,” ಅಂದ. ಅವರೂ ಅಭ್ಯಾಸದಿಂದ ಅವನ ಕಾಲರು ಸರಿಮಾಡಿ ಹೋದರು. ಡಾಕ್ಟರ್ ವಂಜಿರು ಅದನ್ನೇ ನೋಡುತ್ತಿದ್ದರು. “ಎಂಟೇ ತಿಂಗಳಲ್ಲಿ ಈ ತಾಯಿ ಇವನನ್ನು ಹೆತ್ತ ಮಗನ ಹಾಗೆ ನೋಡುತ್ತಿದ್ದಾರೆ,” ಎಂದು ಚನ್ನಕೇಶವ ಸಾರ್‌ಗೆ ಇಂಗ್ಲಿಷಿನಲ್ಲಿ ಹೇಳಿದರು. ಸಾರ್ ಹೆಮ್ಮೆಯಿಂದ ಎದೆ ಉಬ್ಬಿಸಿ ಮಹದೇವನ ಬೆನ್ನು ತಟ್ಟಿದರು. ಮಹದೇವನಿಗೆ ಕಾಫಿ ನೆತ್ತಿಗೇರಿತು.

ಚನ್ನವೀರಪ್ಪನ ಬಿಪಿ ನೂರ ಅರವತ್ತಾರು. ಪಟ್ಟಿ ಬಿಚ್ಚುವಾಗ ಡಾಕ್ಟರ್ ವಂಜಿರು ಮೊಣಕೈಯನ್ನು ಒಂದು ಕ್ಷಣ ಹೆಚ್ಚಾಗಿ ನೋಡಿದರು. ಅಂಜಿನಯ್ಯ ಮತ್ತೆ ಕಿರುಬೆರಳು ತೋರಿಸಿ ಎದ್ದರು.

ಮೂರನೇ ಮನೆಯ ಅಮರೇಶನಿಗೆ ಲಾಗ್‌ಬುಕ್ಕಿನ ಪ್ರಕಾರ ಮೂವತ್ತೆರಡು ವರ್ಷ. ಟಿಬಿ ಬಂದು, ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ತೆಗೆದುಕೊಂಡು ವಾಸಿಯಾದವನು. ಅರವತ್ತೊಂದರ ಅಂಜಿನಯ್ಯ ಕ್ಯಾಪು, ಶಾಲು, ಮಾಸ್ಕು ಮೂರನ್ನೂ ಹಾಕಿಕೊಂಡು, ಕಣ್ಣೆರಡು ಬಿಟ್ಟು ಬೇರೇನೂ ಕಾಣದಂತೆ ಬಂದು ಅಕ್ಕಯ್ಯಮ್ಮನ ಪಕ್ಕ ಕುಸಿದರು.

“ನನ್ನ ಮಗ,” ಅಂದರು ಅಕ್ಕಯ್ಯಮ್ಮ. ಮಗ ರೈಲಿನ ಹಾಗೆ ಉಸಿರು ಬಿಡುತ್ತಿದ್ದ.

ಡಾಕ್ಟರ್ ವಂಜಿರು ಬಿಪಿ ನೋಡಿದರು. ಮತ್ತೊಮ್ಮೆ ನೋಡಿದರು. ನೂರ ಎಂಬತ್ತನಾಲ್ಕು. ಅವರ ಮುಖದ ನಗು ಹೋಯಿತು.

“ಕೇಳು,” ಎಂದು ಧನ್ಯಶ್ರೀಗೆ ಹೇಳಿದರು. “ಈ ಊರಿನ ಗಂಡಸರೆಲ್ಲ ಮೊಣಕೈ ಮೇಲೆ ಸೌಟಿನ ಹಚ್ಚೆ ಹಾಕಿಸಿಕೊಳ್ಳುವುದು ಪದ್ಧತಿಯಾ?”

ಧನ್ಯಶ್ರೀ ಅದನ್ನು ಕನ್ನಡಕ್ಕೆ ತರಲಿಲ್ಲ. ತರುವ ಅಗತ್ಯವೂ ಇರಲಿಲ್ಲ. ಚನ್ನಕೇಶವ ಸಾರ್ ಮಾಸ್ಕಿನ ಕಡೆ ನೋಡಿದರು, ಚಿಕ್ಕಲಕ್ಷ್ಮಮ್ಮನ ಪಕ್ಕದ ಖಾಲಿ ಜಾಗ ನೋಡಿದರು, ಕುಸುಮಾ ಪಕ್ಕದ ಖಾಲಿ ಜಾಗ ನೋಡಿದರು, ಕೊನೆಗೆ ಮಹದೇವನನ್ನು ನೋಡಿದರು.

“ಏನಯ್ಯಾ ಇದು?”

ಮಹದೇವ ಬಾಯಿ ತೆರೆಯುವ ಮೊದಲೇ ಅಂಜಿನಯ್ಯ ಗೋಡೆಗೆ ಒರಗಿದರು. “ತಲೆ ತಿರುಗ್ತಾ ಇದೆ ಅಕ್ಕಾ.”

“ಸಾಕು ನಿಲ್ಲಿಸ್ರೋ ನಿಮ್ಮ ನಾಟಕ!” ಅಕ್ಕಯ್ಯಮ್ಮ ಎದ್ದು ನಿಂತರು. ಮಾಸ್ಕು, ಕ್ಯಾಪು ಕಿತ್ತೆಸೆದರು. “ಅಂಜಿನಯ್ಯ, ಬೆಳಿಗ್ಗೆ ಮಾತ್ರೆ ತಗೊಂಡ್ಯಾ?”

“ಇಲ್ಲ.”

“ಯಾಕೆ?”

“ನೀವು ಕೇಳ್ಲಿಲ್ವಲ್ಲ.”

ಅಕ್ಕಯ್ಯಮ್ಮ ಹಣೆ ಚಚ್ಚಿಕೊಂಡರು. ಸೊಂಟದಿಂದ ಎಲೆ ಅಡಿಕೆ ಚೀಲ ತೆಗೆದು ಚಾಪೆಯ ಮೇಲೆ ಸುರಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಜೊತೆಗೆ ಏಳೆಂಟು ಮಾತ್ರೆ ಪಟ್ಟಿ. ಒಂದೊಂದಕ್ಕೂ ಒಂದೊಂದು ಬಣ್ಣದ ಗಾರ್ಮೆಂಟ್ಸ್ ದಾರ ಕಟ್ಟಿತ್ತು. ಕೆಂಪು ದಾರದ ಪಟ್ಟಿ ಎತ್ತಿ ಡಾಕ್ಟರ್ ವಂಜಿರು ಮುಂದೆ ಹಿಡಿದರು. ಅವರು ಹೆಸರು ಓದಿ ತಲೆಯಾಡಿಸಿದರು. ಅಂಜಿನಯ್ಯನಿಗೆ ಮಾತ್ರೆ ಕೊಟ್ಟು, ನೆರಳಿನಲ್ಲಿ ಮಲಗಿಸಿ, ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತರು. ಚಿಕ್ಕಲಕ್ಷ್ಮಮ್ಮ ಸೆರಗಿನಿಂದ ಗಾಳಿ ಹಾಕುತ್ತಾ, “ಉಪ್ಪಿನಕಾಯಿ ಬೇಕಾದ್ರೆ ತಿನ್ರೀ, ಕಣ್ಣು ಬಿಡ್ರೀ,” ಎಂದು ಅಳುತ್ತಿದ್ದರು. ಮುಕ್ಕಾಲು ಗಂಟೆಯ ನಂತರ ಬಿಪಿ ಇಳಿಯಿತು. ಉಪ್ಪಿನಕಾಯಿಯ ಮಾತನ್ನು ಚಿಕ್ಕಲಕ್ಷ್ಮಮ್ಮ ಕೂಡಲೇ ವಾಪಸ್ ತೆಗೆದುಕೊಂಡರು.

ಆಗ ಮಹದೇವ ಎಲ್ಲವನ್ನೂ ಹೇಳಿದ. ತಡೆತಡೆದು, ಇಂಗ್ಲಿಷಿನಲ್ಲಿ ಸ್ವಲ್ಪ, ಕನ್ನಡದಲ್ಲಿ ಜಾಸ್ತಿ.

“ನಾಯಿ?” ಚನ್ನಕೇಶವ ಸಾರ್ ದನಿ ಏರಿತು. “ಎಂಟು ತಿಂಗಳು! ಒಂದು ನಾಯಿಗೋಸ್ಕರ!”

“ಹಾಗಾದರೆ ಪುಸ್ತಕದಲ್ಲಿರುವ ಜನ ಯಾರು?” ಡಾಕ್ಟರ್ ವಂಜಿರು ಕೇಳಿದರು.

“ನಾವೇ!” ಧನ್ಯಶ್ರೀ ಹೇಳಿ ಮುಗಿಸುವ ಮೊದಲೇ ಅಕ್ಕಯ್ಯಮ್ಮ ಎದೆ ಮುಟ್ಟಿಕೊಂಡರು. “ಕಾಮಾಕ್ಷಿಪಾಳ್ಯದೋರು. ಹುಡುಗ ಹೆಸರು ಸುಳ್ಳು ಬರ್ದಿದಾನೆ, ಕಿವಿ ಹಿಂಡಿ. ಆದ್ರೆ ಕಾಯಿಲೆ ಒಂದೊಂದೂ ನಿಜ ಮೇಡಂ. ನಾನ್ ಹೇಳಿದ್ದು.”

“ತೂಕ ಬಿಟ್ಟು,” ಅಂದರು ಚಿಕ್ಕಲಕ್ಷ್ಮಮ್ಮ.

“ಮೂವತ್ತನಾಲ್ಕು ಮನೆಯವರು ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆಂದು ನಿಮಗೆ ಹೇಗೆ ಗೊತ್ತಾಗುತ್ತದೆ?” ಎಂದು ಡಾಕ್ಟರ್ ವಂಜಿರು ಅಕ್ಕಯ್ಯಮ್ಮನನ್ನು ಕೇಳಿದರು.

“ಬೆಳಿಗ್ಗೆ ಆರೂ ಮುಕ್ಕಾಲಿಗೆ ಕಸದ ಗಾಡಿ ಬರುತ್ತಲ್ಲ, ಅದರ ಪಕ್ಕ ನಿಂತ್ಕೋತೀನಿ. ದೇವಸ್ಥಾನಕ್ಕೆ ಬರದೋರೂ ಕಸ ಹಾಕಕ್ಕೆ ಬರ್ಲೇಬೇಕು. ಡಬ್ಬ ಖಾಲಿ ಮಾಡೋವಾಗ ಮಾತ್ರೆ ಆಯ್ತಾ ಅಂತ ಕೇಳ್ತೀನಿ. ಆಗಿಲ್ಲ ಅಂದ್ರೆ ಅಲ್ಲೇ ಕೊಡ್ತೀನಿ. ಟಿಬಿ ಹುಡುಗ ಆರು ತಿಂಗಳು ನನ್ನ ಮುಂದೆ ನುಂಗಿ, ಆ ಅಂತ ಬಾಯಿ ತೋರ್ಸಿ ಆಮೇಲೆ ಡ್ಯೂಟಿಗೆ ಹೋದ. ಇವತ್ತೊಂದ್ ದಿನ ಈ ಗಲಾಟೇಲಿ ನಾನು ನಿಲ್ಲಲಿಲ್ಲ. ನೋಡಿ, ಏನಾಯ್ತು.”

ಡಾಕ್ಟರ್ ವಂಜಿರು ಪೆನ್ನು ಕೆಳಗಿಟ್ಟರು.

“ನಾವು ಆರು ವರ್ಷದಿಂದ ಇದಕ್ಕೇ ಒದ್ದಾಡುತ್ತಿದ್ದೇವೆ,” ಎಂದರು. “ಫೋನಿಗೆ ಮೆಸೇಜು ಕಳಿಸಿದೆವು, ಆ್ಯಪ್ ಮಾಡಿಸಿದೆವು, ಪೋಸ್ಟರು ಅಂಟಿಸಿದೆವು. ಮೂರನೇ ತಿಂಗಳಿಗೆ ಅರ್ಧ ಜನ ಮಾತ್ರೆ ಬಿಡುತ್ತಾರೆ. ನಮ್ಮ ಬೀದಿಗಳಲ್ಲೂ ಕಸದ ಗಾಡಿ ಬರುತ್ತದೆ. ಅದರ ಪಕ್ಕ ನಿಲ್ಲಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.” ಆಮೇಲೆ ಚನ್ನಕೇಶವ ಸಾರ್ ಕಡೆ ತಿರುಗಿದರು. “ನಾನು ನೈರೋಬಿಗೆ ಇವರನ್ನು ಕರೆದುಕೊಂಡು ಹೋಗುತ್ತೇನೆ.”

“ಮೇಡಂ, ಇದು ವಿದ್ಯಾರ್ಥಿಗಳ ಪ್ರೋಗ್ರಾಂ,” ಸಾರ್ ಮೆಲ್ಲಗೆ ನೆನಪಿಸಿದರು.

“ವಿದ್ಯಾರ್ಥಿಗಳು ನನ್ನ ಹತ್ತಿರ ನಾಲ್ಕುನೂರು ಜನ ಇದ್ದಾರೆ. ಇಲ್ಲದಿರುವುದು ಇವರಂಥ ಟೀಚರ್.”

ಧನ್ಯಶ್ರೀ ಅದನ್ನು ಕನ್ನಡದಲ್ಲಿ ಹೇಳಿದಳು. ವಠಾರದಲ್ಲಿ ಒಂದೇ ಕೂಗು. ಯಾರೋ ಶಿಳ್ಳೆ ಹೊಡೆದರು. ನೋಡಿದರೆ ಮಲಗಿದ್ದ ಅಂಜಿನಯ್ಯ.

ಅಕ್ಕಯ್ಯಮ್ಮ ಮಾತ್ರ ಗಂಭೀರವಾಗಿ ಯೋಚಿಸುತ್ತಿದ್ದರು. “ಅಲ್ಲಿ ಮುದ್ದೆ ಸಿಗುತ್ತಾ ಕೇಳಮ್ಮ.”

ರಾಗಿಯೂ ಇದೆ, ಹಿಟ್ಟು ಕುದಿಸಿ ಮುದ್ದೆಯ ಹಾಗೇ ತಿರುವುವ ಉಗಾಲಿಯೂ ಇದೆ ಎಂದು ಡಾಕ್ಟರ್ ವಂಜಿರು ಕೈಯಲ್ಲೇ ತಿರುವಿ ತೋರಿಸಿದರು.

“ಹಂಗಾದ್ರೆ ಬರ್ತೀನಿ.”

“ಇವರಿಗೆ ಇಂಗ್ಲಿಷ್ ಬರುವುದಿಲ್ಲ. ಜೊತೆಗೆ ಅನುವಾದ ಮಾಡಲು ಒಬ್ಬ ವಿದ್ಯಾರ್ಥಿ ಬೇಕು,” ಎಂದರು ಡಾಕ್ಟರ್ ವಂಜಿರು. “ಯಾರು ಬೇಕೆಂದು ಅವರೇ ಹೇಳಲಿ.”

ಎಂಟು ತಿಂಗಳು ಜಗಲಿಯ ಮೇಲೆ ಕೂತು ಅಕ್ಕಯ್ಯಮ್ಮನ ಒಂದೊಂದು ಮಾತನ್ನೂ ಬರೆದುಕೊಂಡವನು ಮಹದೇವ. ಅವರ ಮಾತಿನ ಅರ್ಥ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವಿಮಾನ ಮತ್ತೆ ಕಣ್ಣ ಮುಂದೆ ಬಂದು ನಿಂತಿತು, ಮೆಟ್ಟಿಲನ್ನೂ ಇಳಿಸಿತು. ಅವನು ಕೋಟಿನ ಗುಂಡಿ ಹಾಕಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಅಕ್ಕಯ್ಯಮ್ಮ ಪ್ರೀತಿಯಿಂದ ಅವನ ಕೆನ್ನೆ ಸವರಿದರು.

“ಇವನು ನಮ್ಮ ಹುಡುಗ, ಬಂಗಾರದಂಥೋನು. ಆದ್ರೆ ಇವನು ಬೇಡಮ್ಮ. ನಾನು ಕಾಮಾಕ್ಷಿಪಾಳ್ಯ ಅಂದ್ರೆ ಇವನು ಉಲ್ಲಾಳ ಅಂತ ಹೇಳ್ತಾನೆ. ಈ ಹುಡುಗಿ ಬರ್ಲಿ.”

ಧನ್ಯಶ್ರೀ ಇದನ್ನು ಇಂಗ್ಲಿಷಿಗೆ ಒಂದಕ್ಷರವೂ ಬಿಡದೆ ತಂದಳು.

ಚನ್ನಕೇಶವ ಸಾರ್ ಕೊಟ್ಟ ತೀರ್ಪು ಚಿಕ್ಕದಾಗಿತ್ತು. ಹೊಸ ಲಾಗ್‌ಬುಕ್, ಮೊದಲ ಪುಟದಿಂದ. ಐದೂ ಮನೆ, ಪ್ರತಿ ಶನಿವಾರ, ಭರಮಪ್ಪನ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಸಮೇತ. ಅಕ್ಕಯ್ಯಮ್ಮನ ತೀರ್ಪು ಇನ್ನೂ ಚಿಕ್ಕದು. “ನಾನು ವಾಪಸ್ ಬರೋ ತನಕ ಬೆಳಿಗ್ಗೆ ಆರೂ ಮುಕ್ಕಾಲಿಗೆ ನೀನ್ ನಿಲ್ಬೇಕು. ಮೂವತ್ತನಾಲ್ಕು ಮನೆ. ಒಂದ್ ಮನೆ ಬಿಟ್ರೂ ಅಲ್ಲಿಂದಾನೇ ಫೋನ್ ಮಾಡಿ ಉಗೀತೀನಿ.”

ವಾಪಸ್ ಬರುವ ಬಸ್ಸು ತುಂಬಿತ್ತು. ಕಾಮಾಕ್ಷಿಪಾಳ್ಯದ ಹೆಂಗಸರು ಗೆದ್ದು ಬಂದ ತಂಡದ ಹಾಗೆ ಹತ್ತಿದರು. ಅಂಜಿನಯ್ಯನಿಗೆ ಸೀಟು ಸಿಕ್ಕಿತು. ಮಹದೇವ ಎಲ್ಲರ ಚೀಲ, ಸುತ್ತಿದ ಚಾಪೆ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತ. ಬೇಜಾರಾಗಬೇಕಿತ್ತು. ಆದರೆ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದ ಅಕ್ಕಯ್ಯಮ್ಮನ ನರೆತ ತಲೆಯನ್ನು ನೋಡಿದಾಗಲೆಲ್ಲ, ಎದೆಯೊಳಗೆ ಏನೋ ಉಬ್ಬುತ್ತಿತ್ತು.

ಕುಸುಮಾ ಫೋನಿನಲ್ಲಿ ಗಂಡನಿಗೆ ಕೂಗಿ ಹೇಳುತ್ತಿದ್ದರು. “ರೀ, ನಮ್ಮ ಅಕ್ಕಯ್ಯಮ್ಮನೋರು ಆಫ್ರಿಕಾಕ್ಕೆ ಹೋಗ್ತಿದಾರೆ! ಡಾಕ್ಟ್ರುಗಳಿಗೆ ಪಾಠ ಮಾಡಕ್ಕೆ! ಹ್ಞೂಂ ರೀ, ನಿಜ! ಏನು? ಮಹದೇವನಾ? ಅವನು ಕಸದ ಗಾಡಿಗೆ.”

ಕಂಡಕ್ಟರು ಜನರ ನಡುವೆ ನುಸುಳಿಕೊಂಡು ಬಂದು ಅಕ್ಕಯ್ಯಮ್ಮನ ಮುಂದೆ ನಿಂತ. “ಎಲ್ಲಿಗಮ್ಮಾ?”

ಅಕ್ಕಯ್ಯಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ತಲೆಯೆತ್ತಿದರು.

“ಸದ್ಯಕ್ಕೆ ಕಾಮಾಕ್ಷಿಪಾಳ್ಯ.”